ಮೂತಿಯಿಂದ ಬಾಲದವರೆಗೆ

ಅಳತೆ ಎಂದೊಡನೆ ನಮಗೆ ಬಟ್ಟೆಯಂಗಡಿಯ ಗಜಕಡ್ಡಿ ನೆನಪಾಗುತ್ತದೆ. ಹಳಬರಿಗೆ ಭತ್ತದ ಕೊಳಗ ನೆನಪಾದೀತು. ಮೀನಿನ ವಿಷಯದಲ್ಲಿ ಮಾತ್ರ ಬಯಲುಸೀಮೆಯ ನಾವು ತೂಕವನ್ನು ಕೇಳುತ್ತೇವೆಯೇ ಹೊರತು ಉದ್ದವನ್ನು ಕೇಳುವುದಿಲ್ಲ. ನಾನು ವಾಸವಾಗಿರುವ ಅತ್ತಿಗುಪ್ಪೆಗೂ ಮಂಗಳೂರಿನ ಬಂದರಿಗೂ ಸುಮಾರು 350 ಕಿಲೋಮೀಟರುಗಳ ಅಂತರ. ಊರ ಹೆಸರಿನ ಕೊನೆಯಲ್ಲಿರುವ ಗುಪ್ಪೆ ಎಂಬ ಮಾತಿಗೆ ರಾಶಿ ಎಂಬ ಅರ್ಥವುಂಟು. ಮಂಜುಗಡ್ಡೆಯ ನಡುವೆ ಮಲಗಿ ಘಟ್ಟ ಹತ್ತಿ ಬಂದ ಮೀನೂ ನಮಗೆ ಗುಪ್ಪೆಯಾಗಿಯೇ ಕಾಣುತ್ತದೆ. ಆ ಗುಪ್ಪೆಯೊಳಗಿನ ಒಂದೊಂದು ಮೀನಿಗೂ ಕಾನೂನು ಒಂದು ಅಳತೆಯನ್ನು ಗೊತ್ತುಮಾಡಿರಬಹುದು, ಅಳತೆ ತಪ್ಪಿದರೆ ದೋಣಿಯವನು ದಂಡ ತೆರಬೇಕಾದೀತು ಎಂಬುದು ಕೊಳ್ಳುವ ನಮಗೆ ಹೊಳೆಯುವುದೇ ಇಲ್ಲ. ಆ ಅಳತೆಯನ್ನು ಕುರಿತು ಈ ಹೊತ್ತು ನಾಲ್ಕು ಮಾತು.

ಮೀನನ್ನು ಕುರಿತ ತಿಳಿವಳಿಕೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಒಂದು ಭಾಗವೇ ಇದೆ. ಹೊಳೆಯ ಮೀನಾವುದು, ಕಡಲ ಮೀನಾವುದು, ಯಾವುದಕ್ಕೆ ಎಂಥ ಮೇವು, ಗಾಳ ಹಾಕುವ ಬಗೆ ಹೇಗೆ ಎಂಬುದನ್ನೆಲ್ಲ ಅಲ್ಲಿ ವಿಚಾರಿಸಿದೆ. ದೊರೆಗೆ ಅದು ವಿನೋದ. ಹಿಡಿದು ಹಿಡಿದು ಮೀನು ಮುಗಿದೀತೆಂಬ ಅಂಜಿಕೆ ಕಾನೂನಿನೊಳಕ್ಕೆ ಬಂದದ್ದು ಬಹಳ ತಡವಾಗಿ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮವು ಸಿಡಿಮದ್ದು, ವಿಷಗಳಿಂದ ಮೀನು ಕೊಲ್ಲುವುದನ್ನು ನಿಷೇಧಿಸಿತು. ಬಲೆಗಳ ಅಳತೆಯನ್ನು ಗೊತ್ತುಮಾಡುವ ಅಧಿಕಾರವನ್ನು ಪ್ರಾಂತ ಸರ್ಕಾರಗಳಿಗೆ ಕೊಟ್ಟಿತು. ಆ ಕಾನೂನು ಅಳೆಯಹೊರಟದ್ದು ಬಲೆಯನ್ನೇ ಹೊರತು ಮೀನನ್ನಲ್ಲ. ಇದನ್ನು ನೆನಪಿನಲ್ಲಿಟ್ಟುಕೊಂಡು ಮುಂದೆ ಹೋಗೋಣ.

ಮೀನನ್ನೇ ಅಳೆಯುವ ನಿಯಮ ನಮ್ಮ ಜನರ ಬದುಕನ್ನು ಮುಟ್ಟಿದ ನಿದರ್ಶನ ಕಾಸರಗೋಡಿನದು. 1956ರಲ್ಲಿ ಕೇರಳಕ್ಕೆ ಸೇರಿದ ಆ ಸೀಮೆಯಲ್ಲಿ ಕನ್ನಡ, ತುಳು, ಮಲಯಾಳಗಳು ಒಂದೇ ಮಾರುಕಟ್ಟೆಯಲ್ಲಿ ಮಾತಾಡುತ್ತವೆ. ಬೂತಾಯಿ ಎಂದರೂ ಮತ್ತಿ ಎಂದರೂ ಬುಟ್ಟಿಗೆ ಬೀಳುವ ಮೀನು ಒಂದೇ. 2015ರಲ್ಲಿ ಕೇರಳ ಸರ್ಕಾರ 14 ಬಗೆಯ ಮೀನುಗಳಿಗೆ ಕನಿಷ್ಠ ಗಾತ್ರವನ್ನು ವಿಧಿಸಿತು. ಮುಂದೆ ಆ ಪಟ್ಟಿ 58ಕ್ಕೆ ಬೆಳೆಯಿತು. ಬೂತಾಯಿಗೆ 10 ಸೆಂಟಿಮೀಟರು, ಬಂಗುಡೆಗೆ 14. ಅದಕ್ಕಿಂತ ಕಿರಿದಾದುದನ್ನು ಹಿಡಿಯಕೂಡದು. ನೆಲದ ಮೇಲೆ ತಲಪಾಡಿಯಲ್ಲಿ ಗಡಿ ಉಂಟು. ಕಡಲಿನಲ್ಲಿ ಈಜುವ ಬಂಗುಡೆಗೆ ಅದು ಎಲ್ಲಿಯದು?

ಹದಿನಾಲ್ಕು ಸೆಂಟಿಮೀಟರೆಂದರೆ ಎಲ್ಲಿಂದ ಎಲ್ಲಿಗೆ? ತೊಡಕು ಇರುವುದೇ ಇಲ್ಲಿ. ಬಂಗುಡೆಯ ಬಾಲ ಕವೆಗೋಲಿನಂತೆ ಸೀಳಿರುತ್ತದೆ. ಮೂತಿಯ ತುದಿಯಿಂದ ಬಾಲದ ಕೊನೆಯ ಮೊನೆಯವರೆಗೆ ಅಳೆದರೆ ಅದು ಪೂರ್ಣ ಉದ್ದ. ಬಾಲದ ಸೀಳಿನವರೆಗೆ ಮಾತ್ರ ಅಳೆದರೆ ಕವೆಯ ಉದ್ದ. ಬಾಲ ಹುಟ್ಟುವ ಬುಡದವರೆಗೆ ಅಳೆದರೆ ಇನ್ನೊಂದು. ಮೀನುಗಳನ್ನು ವಿಂಗಡಿಸುವ ವಿದ್ವಾಂಸರಿಗೆ ಅದು ಪ್ರಿಯ. ಅಂಗೈ ಮೇಲಿನ ಒಂದೇ ಬಂಗುಡೆ ಒಂದು ಲೆಕ್ಕದಲ್ಲಿ ನ್ಯಾಯವಾದದ್ದು, ಇನ್ನೊಂದು ಲೆಕ್ಕದಲ್ಲಿ ಅಪರಾಧ. ನಡುವಣ ಅಂತರ ಒಂದು ಸೆಂಟಿಮೀಟರಿಗೂ ಮಿಕ್ಕೀತು. ಆದಕಾರಣ ಕೇರಳದ ನಿಯಮ ಬೂತಾಯಿ, ಬಂಗುಡೆಗಳಿಗೆ ಪೂರ್ಣ ಉದ್ದವನ್ನೇ ಹಿಡಿದಿದೆ.

ಅಳೆಯುವ ಕ್ರಮವೂ ಸರಳ. ಒಂದು ಕೊನೆಗೆ ಅಡ್ಡಹಲಗೆ ಬಡಿದ ಮಣೆಯ ಮೇಲೆ ಮೀನನ್ನು ನೇರವಾಗಿ ಮಲಗಿಸಬೇಕು. ಬಾಯಿ ಮುಚ್ಚಿ, ಮೂತಿ ಅಡ್ಡಹಲಗೆಗೆ ತಾಗಬೇಕು. ಬಾಲವನ್ನು ಓರಣಮಾಡಿ, ಅದರ ತುದಿ ಮುಟ್ಟುವ ಗೆರೆಯನ್ನು ಓದಬೇಕು. ದರ್ಜಿಯ ಪಟ್ಟಿಯನ್ನು ಮೀನಿನ ಹೊಟ್ಟೆಯ ಮೇಲೆ ಹಾಯಿಸಿದರೆ ಉಬ್ಬಿನ ಉದ್ದವೂ ಸೇರಿ ಚಿಕ್ಕದು ದೊಡ್ಡದಾಗಿಬಿಡುತ್ತದೆ. ಒಣಗಿದ ಮೀನು ಕುಗ್ಗುವುದರಿಂದ ಅದರ ಅಳತೆ ನಂಬುವಂಥದಲ್ಲ. ಬಾಲವೇ ಇಲ್ಲದವಕ್ಕೆ ಬೇರೆ ನ್ಯಾಯ: ಬೊಂಡಾಸಿಗೆ ಕೈಕಾಲುಗಳನ್ನು ಬಿಟ್ಟು ಬೆನ್ನಿನ ಕಡೆಯ ಚೀಲದ ಉದ್ದ, ಏಡಿಗೆ ಚಿಪ್ಪಿನ ಅಗಲ. ರಫ್ತಾಗುವ ಕಲ್ಲುಸಿಗಡಿಗೆ ಕೇಂದ್ರ ಸರ್ಕಾರ 2003ರಲ್ಲಿ ಗೊತ್ತುಮಾಡಿದ್ದು ಉದ್ದವನ್ನಲ್ಲ, ತೂಕವನ್ನು.

ಇಷ್ಟು ಕೂದಲು ಸೀಳುವುದೇಕೆ ಎಂದು ಯಾರಾದರೂ ಕೇಳಬಹುದು. ಒಕ್ಕಲುಮಗನಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಿತ್ತನೆಯ ಬೀಜವನ್ನು ಕುಟ್ಟಿ ಉಂಡವನ ಗತಿ ಅವನಿಗೆ ಗೊತ್ತು. ಮೊಟ್ಟೆಯಿಡುವ ಮುನ್ನವೇ ಹಿಡಿದ ಮೀನು ಬಿತ್ತನೆಯ ಬೀಜ. ಕಾನೂನು ಹೇಳುವ ಗಾತ್ರವಾದರೂ ಉದಾರವಾದುದಲ್ಲ. ಬಂಗುಡೆಗಳಲ್ಲಿ ಹೆಚ್ಚಿನವು ಬಲಿಯುವುದು 14 ಸೆಂಟಿಮೀಟರನ್ನು ದಾಟಿ ಬೆಳೆದ ಮೇಲೆ. ಶಾಸ್ತ್ರವೂ ಬೆಸ್ತರ ಹೊಟ್ಟೆಪಾಡೂ ನಡುದಾರಿಯಲ್ಲಿ ಕೈಹಿಡಿದ ಸ್ಥಳ ಅದು. ಅದಕ್ಕೂ ಕೆಳಗಿಳಿದರೆ ಉಳಿಯುವುದೇನು? ಕೇರಳದ ತೀರದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿಗೆ ಹತ್ತಿರವಿದ್ದ ಬೂತಾಯಿ 2021ರಲ್ಲಿ ಮೂರೂವರೆ ಸಾವಿರ ಟನ್ನಿಗೂ ಕಡಿಮೆಯಾಯಿತು. ಕಡಲ ನೀರಿನ ಬಿಸಿಲು ಮಳೆಗಳ ಏರುಪೇರೂ ಇದಕ್ಕೆ ಕಾರಣ. ದೋಷವನ್ನೆಲ್ಲ ಬೆಸ್ತನ ತಲೆಗೆ ಕಟ್ಟಲಾಗದು. ಆದರೆ ಕಡಲೇ ಮುನಿದ ವರ್ಷ ಮರಿಗಳನ್ನೂ ಬಾಚಿದರೆ ಬಡತನ ಇಮ್ಮಡಿಯಾಗುತ್ತದೆ. ಬೆಳಗಿನ ಬುಟ್ಟಿ ಹೊತ್ತು ಮನೆಮನೆಗೆ ನಡೆಯುವ ಹೆಂಗಸಿಗೆ ಅದು ಮೊದಲು ತಟ್ಟುತ್ತದೆ.

ಆದರೂ ಒಂದು ಮಾತು ಉಳಿಯಿತು. ಅಧಿಕಾರಿ ಮಣೆ ಹಿಡಿದು ಅಳೆಯುವ ಹೊತ್ತಿಗೆ ಮೀನು ಸತ್ತಿರುತ್ತದೆ. ಮರಿಯೆಂದು ಗೊತ್ತಾದರೂ ನೀರಿಗೆ ಹಿಂದಿರುಗಿಸಿ ಫಲವಿಲ್ಲ. ಹಾಗಾಗಿ ಮೀನಿನ ಅಳತೆ ಸಾಕ್ಷಿಯ ಕೆಲಸವನ್ನಷ್ಟೇ ಮಾಡೀತು. ಕಾಯುವ ಕೆಲಸ ಬಲೆಯ ಕಣ್ಣಿನದು. ಟ್ರಾಲ್ ಬಲೆಯ ಕೊನೆಯ ಚೀಲಕ್ಕೆ 35 ಮಿಲಿಮೀಟರ್ ಕಣ್ಣಿರಬೇಕೆಂಬ ನಿಯಮ ನಮ್ಮ ಕರಾವಳಿಯಲ್ಲಿದೆ. ಆ ಕಣ್ಣನ್ನೂ ಎಳೆದು ಹಿಡಿದು ಗಂಟಿನಿಂದ ಗಂಟಿಗೆ ಅಳೆಯಬೇಕು. ವಜ್ರಾಕಾರದ ಕಣ್ಣು ದೋಣಿ ಎಳೆಯುವಾಗ ಬಿಗಿದು ಮುಚ್ಚಿಕೊಳ್ಳುತ್ತದೆ; ಚೌಕದ ಕಣ್ಣು ತೆರೆದೇ ಇದ್ದು ಮರಿಗೆ ದಾರಿ ಬಿಡುತ್ತದೆ. 1897ರ ಕಾನೂನು ಬಲೆಯ ಕಡೆಗೆ ಕೈತೋರಿದ್ದು ಸುಮ್ಮನೆ ಅಲ್ಲ.

ದೋಣಿಯವನು ಒಬ್ಬನೇ ಈ ನಿಯಮವನ್ನು ಹೊರಲಾರ. ಮರಿಮೀನಿಗೆ ಫಿಶ್‌ಮೀಲ್ ಕಾರ್ಖಾನೆ ಬೆಲೆ ಕೊಡುತ್ತದೆ, ಪೇಟೆಯ ನಾವೂ ಅಗ್ಗವೆಂದು ಕೊಳ್ಳುತ್ತೇವೆ; ಸಾಲದ ಡೀಸೆಲ್ ತುಂಬಿಸಿ ಕಡಲಿಗೆ ಹೋದವನು ಬಲೆಯ ಕಣ್ಣನ್ನು ಕಿರಿದು ಮಾಡದೆ ಏನು ಮಾಡಿಯಾನು? ಎಲ್ಲ ಚಿಕ್ಕ ಮೀನೂ ಮರಿಯಲ್ಲ. ಕೊಲ್ಲತರುವಿನಂಥದು ಪೂರ್ಣ ಬೆಳೆದರೂ ಚಿಕ್ಕದೇ. ಬಂಗುಡೆ ಹಾಗಲ್ಲ. ಓದುವ ಬರೆಯುವ ನಮ್ಮ ಜೇಬಿನಲ್ಲಿ ಪೆನ್ನೊಂದು ಇದ್ದೇ ಇರುತ್ತದೆ. ಅದರ ಉದ್ದ ಹೆಚ್ಚುಕಡಮೆ 14 ಸೆಂಟಿಮೀಟರು. ಅದಕ್ಕಿಂತ ಮೋಟಾದ ಬಂಗುಡೆ ತಕ್ಕಡಿಗೆ ಬಂದಾಗ ‘ಇದು ಬೇಡಪ್ಪ, ಬೆಳೆದದ್ದು ಕೊಡು’ ಎಂದು ಹೇಳುವವರು ಹತ್ತು ಮಂದಿ ಕೂಡಿದರೆ, ಆ ಮಾತು ವ್ಯಾಪಾರಿಯ ಬಾಯಿಂದ ಲಾರಿಗೆ, ಲಾರಿಯಿಂದ ಬಂದರಿಗೆ ತಲುಪದೆ ಇರದು.