ಅನ್ನನಾಳದ ಕ್ಯಾನ್ಸರ್: ರೋಗಿಯ ಜೊತೆಗಿರುವವರು ಕಲಿಯಬೇಕಾದದ್ದು

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿವರ್ಷ ಈ ವೇದಿಕೆಯಿಂದ ನಾವು ಪರೀಕ್ಷೆ, ವಿದ್ಯಾರ್ಥಿವೇತನ, ಉದ್ಯೋಗಗಳ ಬಗ್ಗೆ ಮಾತಾಡುತ್ತೇವೆ. ಈ ಸಲ ಆರೋಗ್ಯದ ಬಗ್ಗೆ ಮಾತಾಡಿ ಎಂದು ಕಾರ್ಯದರ್ಶಿಗಳು ಹೇಳಿದಾಗ ನಾನು ಹಿಂಜರಿದೆ. ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟ್ರು. ಆದರೆ ನಮ್ಮ ಅಬ್ಬಾ ಅನ್ನನಾಳದ ಕ್ಯಾನ್ಸರಿನಿಂದ 2025ರ ಆಗಸ್ಟಿನಲ್ಲಿ ತೀರಿಕೊಂಡರು. ಮೂರು ವರ್ಷ ಅವರ ಜೊತೆಗಿದ್ದು ನಾವು ಕಲಿತದ್ದರಲ್ಲಿ ಬಹುಪಾಲು ತಪ್ಪು ಮಾಡಿ ಕಲಿತದ್ದು. ನಿಮ್ಮ ಮನೆಗೆ ಇಂತಹ ಕಷ್ಟ ಬರದಿರಲಿ. ಬಂದರೆ, ನಾವು ಮಾಡಿದ ತಪ್ಪುಗಳನ್ನು ನೀವು ಮಾಡಬಾರದು ಎಂಬುದೇ ನನ್ನ ಮಾತಿನ ಉದ್ದೇಶ.

ನಾವು ಕಳೆದುಕೊಂಡ ಮೂರು ತಿಂಗಳು

ಅನ್ನನಾಳವೆಂದರೆ ಗಂಟಲಿನಿಂದ ಹೊಟ್ಟೆಗೆ ಆಹಾರ ಇಳಿಯುವ ಕೊಳವೆ. ವಯಸ್ಕರಲ್ಲಿ ಅದರ ಉದ್ದ ಸುಮಾರು 25 ಸೆಂಟಿಮೀಟರ್. ಅದರೊಳಗೆ ಗಡ್ಡೆ ಬೆಳೆದಂತೆ ದಾರಿ ಕಿರಿದಾಗುತ್ತದೆ. ಮೊದಲು ಗಟ್ಟಿ ಆಹಾರ ಸಿಕ್ಕಿಕೊಳ್ಳುತ್ತದೆ, ಆಮೇಲೆ ಮೆತ್ತಗಿನ ಆಹಾರ, ಕೊನೆಗೆ ನೀರೂ ಇಳಿಯುವುದಿಲ್ಲ.

ಅಬ್ಬಾ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. 2022ರ ಆಗಸ್ಟಿನಲ್ಲಿ, ಅಕ್ಕಿ ರೊಟ್ಟಿ ಎದೆಯಲ್ಲಿ ನಿಂತಂತಾಗುತ್ತದೆ ಎಂದರು. ಗ್ಯಾಸ್ಟ್ರಿಕ್ ಇರಬೇಕೆಂದು ಮೆಡಿಕಲ್ ಶಾಪಿನಿಂದ ಸಿರಪ್ ತಂದುಕೊಟ್ಟೆವು. ಅವರು ಪ್ರತಿ ತುತ್ತಿಗೂ ನೀರು ಕುಡಿಯತೊಡಗಿದರು, ಚಪಾತಿಯನ್ನು ಚಹಾದಲ್ಲಿ ನೆನೆಸಿ ತಿನ್ನತೊಡಗಿದರು. ಮದುವೆ ಮನೆಗಳಲ್ಲಿ ಬಿರಿಯಾನಿಯ ಅನ್ನ ಮಾತ್ರ ತಿಂದು ಮಾಂಸ ಬಿಟ್ಟು ಏಳುತ್ತಿದ್ದರು. ಬೆಲ್ಟಿಗೆ ಎರಡು ಹೊಸ ತೂತು ಹಾಕಿಸಿಕೊಂಡಿದ್ದರು. ಇದೆಲ್ಲವನ್ನೂ ಮನೆಯವರೆಲ್ಲ ನೋಡಿದ್ದೆವು. ಆದರೆ ಒಬ್ಬರೂ ಒಟ್ಟುಗೂಡಿಸಿ ಯೋಚಿಸಲಿಲ್ಲ. ನವೆಂಬರಿನಲ್ಲಿ ಎಂಡೋಸ್ಕೋಪಿ ಮಾಡಿ, ಬಯಾಪ್ಸಿ ಕಳಿಸಿದಾಗ ಕ್ಯಾನ್ಸರ್ ಎಂದು ಗೊತ್ತಾಯಿತು.

ಆದುದರಿಂದ ನನ್ನ ಮೊದಲ ಮನವಿ ಇದು. ಮನೆಯ ಹಿರಿಯರು ಊಟ ಗಂಟಲಲ್ಲಿ, ಎದೆಯಲ್ಲಿ ಸಿಕ್ಕಿಕೊಳ್ಳುತ್ತದೆ ಎಂದರೆ ಸಿರಪ್ ಕೊಟ್ಟು ಕಾಯುತ್ತಾ ಕೂರಬೇಡಿ. ಕೂಡಲೇ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಎಂಡೋಸ್ಕೋಪಿ ಬೇಕೇ ಎಂದು ನೀವೇ ಕೇಳಿ. ಅದು ಹೆಚ್ಚೆಂದರೆ ಅರ್ಧ ಗಂಟೆಯ ಪರೀಕ್ಷೆ.

ಯುವಕರು ಇನ್ನೊಂದು ಮಾತು ಕೇಳಬೇಕು. ಅಬ್ಬಾ ನಲವತ್ತು ವರ್ಷ ಎಲೆ, ಅಡಿಕೆ, ಹೊಗೆಸೊಪ್ಪು ಹಾಕಿದವರು. ಬೀಡಿ ಸಿಗರೇಟು ಸೇದುವುದು, ತಂಬಾಕು ಜಗಿಯುವುದು, ಮದ್ಯಪಾನ ಇವು ನಮ್ಮ ದೇಶದಲ್ಲಿ ಈ ರೋಗದ ಮುಖ್ಯ ಕಾರಣಗಳಲ್ಲಿ ಸೇರಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ, ತಂಬಾಕು ಬೆರೆಸದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಪ್ರಕಟಿಸಿತು. 65 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾದ ಪಾನೀಯಗಳಿಂದಲೂ ಬಹುಶಃ ಅಪಾಯವಿದೆ ಎಂದು 2016ರಲ್ಲಿ ಹೇಳಿತು. ಅಡಿಕೆಯ ಊರಿನಲ್ಲಿ ನಿಂತು ಈ ಮಾತು ಹೇಳುವುದು ಸುಲಭವಲ್ಲ. ಆದರೂ ಹೇಳಲೇಬೇಕಾಗಿದೆ.

ರೋಗಿಯಿಂದ ರೋಗವನ್ನು ಮುಚ್ಚಿಟ್ಟೆವು

ದುಬೈಯಲ್ಲಿರುವ ನನ್ನ ಅಣ್ಣ ಫೋನಿನಲ್ಲಿ ಹೇಳಿದ ಮೊದಲ ಮಾತು, "ಅಬ್ಬಾಗೆ ಹೇಳಬೇಡ, ಎದೆ ಒಡೆದುಕೊಳ್ಳುತ್ತಾರೆ" ಎಂದು. ಅಮ್ಮಿಯೂ ಅದನ್ನೇ ಹೇಳಿದರು. ನಾವು ಅವರಿಗೆ ಹುಣ್ಣು ಎಂದು ಹೇಳಿದೆವು. ಬೆಂಗಳೂರಿನ ಆಸ್ಪತ್ರೆಯಲ್ಲಿ ಫೈಲನ್ನು ಅವರ ಕೈಗೆ ಸಿಗದಂತೆ ಹಿಡಿದುಕೊಂಡು ಓಡಾಡಿದೆವು. ನಮ್ಮ ಕಡೆ ಜನ ಕರೆಂಟ್ ಕೊಡುವುದು ಎನ್ನುವ ರೇಡಿಯೇಷನ್ ವಿಭಾಗದ ಮುಂದೆ ಕೂತಿದ್ದಾಗ, ಪಕ್ಕದ ರೋಗಿ ಸಹಜವಾಗಿ "ನಿಮಗೂ ಅನ್ನನಾಳದ ಕ್ಯಾನ್ಸರಾ ಸಾಹೇಬರೇ?" ಎಂದು ಕೇಳಿಬಿಟ್ಟರು.

ಅಂದು ಸಂಜೆ ಬಾಡಿಗೆ ಕೋಣೆಯಲ್ಲಿ ಅಬ್ಬಾ ನನ್ನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು: "ಬೇಟಾ, ಇದು ನನ್ನ ದೇಹ. ಮಂಡಿಯಲ್ಲಿ ಮೂವತ್ತು ವರ್ಷ ಇನ್ನೊಬ್ಬರ ಲೆಕ್ಕ ಬರೆದಿದ್ದೇನೆ. ನನ್ನ ಲೆಕ್ಕ ನನಗೇ ತೋರಿಸಲಿಲ್ಲವಲ್ಲ." ನನಗೆ ಉತ್ತರ ಹೊಳೆಯಲಿಲ್ಲ. ಫೈಲನ್ನು ಅವರ ಕೈಗೆ ಕೊಟ್ಟೆ. ಅವರ ಎದೆಯೇನೂ ಒಡೆಯಲಿಲ್ಲ. ಮರುದಿನ ವೈದ್ಯರನ್ನು ಅವರೇ ಪ್ರಶ್ನೆ ಕೇಳಿದರು. ಅಂದಿನಿಂದಲೇ ಎಲೆ ಅಡಿಕೆಯ ಡಬ್ಬಿ ಬಿಟ್ಟರು. ಹುಣ್ಣು ಎಂದು ಹೇಳಿದಷ್ಟು ದಿನ ಬಿಡದವರು, ಸತ್ಯ ತಿಳಿದ ದಿನ ಬಿಟ್ಟರು.

ಸತ್ಯವನ್ನು ಒಂದೇ ಸಲ ಒರಟಾಗಿ ಹೇಳಬೇಕೆಂದಿಲ್ಲ. ಅವರು ಎಷ್ಟು ಕೇಳುತ್ತಾರೋ ಅಷ್ಟನ್ನು ಸಮಾಧಾನದಿಂದ, ವೈದ್ಯರ ಎದುರಿನಲ್ಲೇ ಹೇಳಬಹುದು. ಆದರೆ ಸುಳ್ಳು ಹೇಳಬೇಡಿ. ಸುಳ್ಳು ಹೇಳಿದರೆ ರೋಗಿ ತನ್ನ ಮನೆಯವರ ನಡುವೆಯೇ ಒಂಟಿಯಾಗುತ್ತಾನೆ.

ಊಟವೇ ಈ ರೋಗದ ಯುದ್ಧಭೂಮಿ

ಅಬ್ಬಾಗೆ ನಿರ್ಧರಿಸಿದ ಚಿಕಿತ್ಸೆ ಹೀಗಿತ್ತು: ವಾರಕ್ಕೊಂದರಂತೆ ಐದು ಕೀಮೋಥೆರಪಿ, ಜೊತೆಗೆ 23 ಸಲ ರೇಡಿಯೇಷನ್, ಕೆಲವು ವಾರ ಬಿಟ್ಟು ಶಸ್ತ್ರಚಿಕಿತ್ಸೆ. ನೆದರ್ಲೆಂಡ್ಸ್‌ನ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನದ ನಂತರ ಈ ಕ್ರಮ ಹಲವು ದೇಶಗಳಲ್ಲಿ ಬಳಕೆಗೆ ಬಂದಿದೆ. ಎಲ್ಲ ರೋಗಿಗಳಿಗೂ ಇದೇ ಚಿಕಿತ್ಸೆ ಅಲ್ಲ. ರೋಗದ ಹಂತ, ದೇಹಶಕ್ತಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಆದರೆ ಯಾವ ಚಿಕಿತ್ಸೆಯಾದರೂ ದೇಹ ಅದನ್ನು ತಡೆದುಕೊಳ್ಳಲು ಆಹಾರ ಬೇಕು. ಆಹಾರದ ದಾರಿಯೇ ಮುಚ್ಚಿರುವ ರೋಗ ಇದು. ಮನೆಯವರ ಕೆಲಸ ಇರುವುದೇ ಇಲ್ಲಿ.

ರೇಡಿಯೇಷನ್ ಮೂರನೆಯ ವಾರಕ್ಕೆ ಬಂದಾಗ ಉಗುಳು ನುಂಗಿದರೂ ಉರಿಯೆನ್ನುತ್ತಿದ್ದರು. ನಾವು ಅವರ ಮುಂದೆ ತಟ್ಟೆ ಹಿಡಿದು, "ನಮಗೋಸ್ಕರ ಇನ್ನೊಂದು ತುತ್ತು" ಎಂದು ಕಾಡುತ್ತಿದ್ದೆವು. ಅವರು ನಮ್ಮ ಸಂತೋಷಕ್ಕೆ ನುಂಗಿ, ಬಚ್ಚಲಿಗೆ ಹೋಗಿ ವಾಂತಿ ಮಾಡುತ್ತಿದ್ದರು. ಅದು ಅವರ ಹಟವಲ್ಲ, ಗಾಯ ಎಂಬುದು ನಮಗೆ ಅರ್ಥವಾಗಲು ಒಂದು ವಾರ ಹಿಡಿಯಿತು. ಕೊನೆಗೆ ಮೂಗಿನ ಮೂಲಕ ಹೊಟ್ಟೆಗೆ ನಳಿಕೆ ಹಾಕಿದರು. ನಳಿಕೆ ಎಂದರೆ ಕೊನೆಯ ಘಟ್ಟ ಎಂದು ಅಮ್ಮಿ ಅತ್ತರು. ಹಾಗಲ್ಲ. ಅದು ಚಿಕಿತ್ಸೆ ನಡುವೆ ನಿಲ್ಲದಂತೆ ಕಾಪಾಡುವ ಸಾಧನ.

ಅದರಲ್ಲೂ ಒಂದು ತಪ್ಪು ಮಾಡಿದೆವು. ಶಕ್ತಿ ಬರಲಿ ಎಂದು ಅಮ್ಮಿ ಕಾಲುಸೂಪು, ಅಂದರೆ ಪಾಯಾ ಮಾಡಿ ನಳಿಕೆಯಲ್ಲಿ ಹಾಕಿದರು. ಪಾಯಾ ತಣ್ಣಗಾದರೆ ಹೆಪ್ಪುಗಟ್ಟುತ್ತದೆಂದು ಎಲ್ಲರಿಗೂ ಗೊತ್ತು. ನಳಿಕೆ ಕಟ್ಟಿಕೊಂಡಿತು. ಅದನ್ನು ತೆಗೆದು ಹೊಸದು ಹಾಕಿಸಬೇಕಾಯಿತು, ನೋವು ಅಬ್ಬಾ ಅನುಭವಿಸಿದರು. ಆಮೇಲೆ ಆಸ್ಪತ್ರೆಯ ಆಹಾರ ತಜ್ಞೆ ನಮ್ಮನ್ನು ಕೂರಿಸಿ ಹೇಳಿಕೊಟ್ಟದ್ದನ್ನು ನಿಮಗೆ ಹೇಳುತ್ತೇನೆ. ಕೈ ಸೋಪಿನಲ್ಲಿ ತೊಳೆಯಬೇಕು. ರೋಗಿಯನ್ನು ಒರಗಿಸಿ ಕೂರಿಸಬೇಕು, ಮಲಗಿಸಿ ಎಂದೂ ಹಾಕಬಾರದು. ಗಂಜಿ, ಹಾಲು, ಬೇಳೆ ಏನೇ ಆದರೂ ನುಣ್ಣಗೆ ರುಬ್ಬಿ ಸೋಸಿರಬೇಕು. ನಿಧಾನವಾಗಿ ಬಿಡಬೇಕು. ಮೊದಲೂ ಕೊನೆಯಲ್ಲೂ ಶುದ್ಧ ನೀರು ಹಾಕಿ ನಳಿಕೆ ತೊಳೆಯಬೇಕು. ಯಾವ ಮಾತ್ರೆಯನ್ನೂ ಕೇಳದೆ ಪುಡಿಮಾಡಿ ಹಾಕಬಾರದು. ನಳಿಕೆ ಜಾರಿ ಬಂದರೆ ನಾವೇ ಒಳಗೆ ತಳ್ಳದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಒಬ್ಬ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಯೂ ಕಲಿಯಬಲ್ಲ.

ಒಂದು ನೋಟ್‌ಬುಕ್ ಮಾಡಿದ ಕೆಲಸ

ಆಗ ಬೆಂಗಳೂರಿನಲ್ಲಿ ಬಿ.ಕಾಂ. ಓದುತ್ತಿದ್ದ ನನ್ನ ಅಕ್ಕನ ಮಗಳು ಸಂಜೆ ಹೊತ್ತು ಕೋಣೆಗೆ ಬರುತ್ತಿದ್ದಳು. ಅವಳೊಂದು ನೂರು ಪುಟದ ನೋಟ್‌ಬುಕ್ ಇಟ್ಟಳು. ಎಷ್ಟು ಹೊತ್ತಿಗೆ ಎಷ್ಟು ಮಿಲಿಲೀಟರ್ ಆಹಾರ ಹೋಯಿತು, ಜ್ವರ ಎಷ್ಟು, ವಾರದ ತೂಕ ಎಷ್ಟು, ಯಾವ ಮಾತ್ರೆ ಆಯಿತು, ವೈದ್ಯರಿಗೆ ನಾಳೆ ಏನು ಕೇಳಬೇಕು ಎಂದು ಬರೆಯುತ್ತಿದ್ದಳು.

ನಾಲ್ಕನೆಯ ಕೀಮೋ ಆದ ಮೇಲೆ ಒಂದು ರಾತ್ರಿ ಜ್ವರ 101 ಡಿಗ್ರಿ ತೋರಿಸಿತು. ಮಾತ್ರೆ ಕೊಟ್ಟು ಬೆಳಿಗ್ಗೆ ನೋಡೋಣ ಎಂದೆ ನಾನು. ಅವಳು ಆಸ್ಪತ್ರೆಯವರು ಕೊಟ್ಟಿದ್ದ ಇಂಗ್ಲಿಷ್ ಹಾಳೆ ತೆಗೆದು, "ಮಾಮೂ, 100.4 ದಾಟಿದರೆ ರಾತ್ರಿಯಾದರೂ ಬನ್ನಿ ಅಂತ ಬರೆದಿದೆ" ಎಂದು ಓದಿದಳು. ಆಟೋ ಹಿಡಿದು ಹೋದೆವು. ರಕ್ತದಲ್ಲಿ ಬಿಳಿ ಕಣಗಳು ಬಹಳ ಇಳಿದಿದ್ದವು. ಬೆಳಗಿನವರೆಗೆ ಕಾಯಬಾರದಿತ್ತು ಎಂದು ವೈದ್ಯರು ಹೇಳಿದರು. ಆ ಹಾಳೆ ನನ್ನ ಜೇಬಿನಲ್ಲಿ ಎರಡು ವಾರದಿಂದ ಇತ್ತು, ಮೇಷ್ಟ್ರಾದ ನಾನು ಓದಿರಲಿಲ್ಲ. ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲಿ ಓದು ಬಲ್ಲವರು ನೀವು. ಫೈಲು ನಿಮ್ಮ ಜವಾಬ್ದಾರಿ.

ರಂಜಾನ್ ಮತ್ತು ಈದ್

2023ರ ಮಾರ್ಚ್ ಮೊದಲ ವಾರದಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಅನ್ನನಾಳದ ರೋಗಪೀಡಿತ ಭಾಗ ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆ ಜೋಡಿಸಿದರು. ಗಾಯ ಮಾಯುವವರೆಗೆ ಹೊಟ್ಟೆಯ ಪಕ್ಕದಿಂದ ಸಣ್ಣ ಕರುಳಿಗೆ ನಳಿಕೆ ಇಟ್ಟು ಆಹಾರ ಕೊಟ್ಟರು. ಮನೆಗೆ ಬರುವ ಹೊತ್ತಿಗೆ ರಂಜಾನ್ ಶುರುವಾಯಿತು. ಹನ್ನೆರಡನೆಯ ವಯಸ್ಸಿನಿಂದ ಒಂದೂ ಉಪವಾಸ ಬಿಡದ ಅಬ್ಬಾ, ಹಗಲು ನಳಿಕೆಗೆ ಹಾಕಬೇಡಿ ಎಂದರು. ನಮ್ಮ ಮಾತು ನಡೆಯಲಿಲ್ಲ. ಮೊಹಲ್ಲಾದ ಇಮಾಮರು ಮನೆಗೆ ಬಂದು, ರೋಗಿಗೆ ವಿನಾಯಿತಿ ಇರುವುದನ್ನು, ಗುಣವಾದ ಮೇಲೆ ಹಿಡಿಯಬಹುದೆಂಬುದನ್ನು, ಅದೂ ಆಗದಿದ್ದರೆ ಬಡವರಿಗೆ ಊಟ ಕೊಡುವ ದಾರಿಯನ್ನು ವಿವರಿಸಿದರು. ಆಮೇಲೆ ಒಪ್ಪಿದರು. ಧಾರ್ಮಿಕ ಹಿರಿಯರನ್ನು ಇಂತಹ ಹೊತ್ತಿಗೆ ಕರೆಯಲು ಹಿಂಜರಿಯಬೇಡಿ.

ಆ ತಿಂಗಳು ನಾವು ಅವರ ಕಣ್ಣಿಗೆ ಬೀಳದಂತೆ ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಇಫ್ತಾರ್ ಮಾಡುತ್ತಿದ್ದೆವು. ನಾಲ್ಕನೆಯ ದಿನ ಅವರೇ ಗೋಡೆ ಹಿಡಿದು ನಡೆದು ಬಂದು ದಸ್ತರ್‌ಖಾನಿನ ಮುಂದೆ ಕೂತರು. "ನನಗೆ ತಿನ್ನಲು ಆಗುವುದಿಲ್ಲ, ಕೂರಲು ಆಗುತ್ತದೆ" ಎಂದರು. ಅಂದಿನಿಂದ ಈದ್‌ವರೆಗೆ ಪ್ರತಿ ಸಂಜೆ ಖರ್ಜೂರ ಹಂಚಿದವರು ಅವರೇ.

ಈದ್ ಹೊತ್ತಿಗೆ ಬಾಯಲ್ಲಿ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದರು. ಆ ಸಂತೋಷದಲ್ಲಿ ಅಮ್ಮಿ ಒಂದು ಬಟ್ಟಲು ಶೀರ್ ಖುರ್ಮಾ ಕೊಟ್ಟರು. ಅರ್ಧ ಗಂಟೆಯಲ್ಲಿ ಮೈಯೆಲ್ಲ ಬೆವರು, ಎದೆ ಬಡಿತ, ತಲೆಸುತ್ತು. ಹೃದಯಾಘಾತವೆಂದು ಹೆದರಿ ಆಸ್ಪತ್ರೆಗೆ ಓಡಿದೆವು. ಜಠರ ಚಿಕ್ಕದಾದಾಗ ಸಿಹಿ ಪದಾರ್ಥ ಒಮ್ಮೆಲೇ ಕರುಳಿಗೆ ಇಳಿದು ಹೀಗಾಗುತ್ತದಂತೆ. ಮೂರು ಹೊತ್ತಿನ ಊಟದ ಬದಲು ದಿನಕ್ಕೆ ಆರೆಂಟು ಸಲ ಸ್ವಲ್ಪ ಸ್ವಲ್ಪ ಕೊಡಬೇಕು, ಸಿಹಿ ಕಡಿಮೆ ಮಾಡಬೇಕು, ಊಟದ ಜೊತೆ ಹೆಚ್ಚು ನೀರು ಕುಡಿಯಬಾರದು, ತಿಂದ ಕೂಡಲೇ ಮಲಗಬಾರದು, ತಲೆಯ ಕಡೆ ಮಂಚ ಎತ್ತರಿಸಬೇಕು ಎಂದು ಹೇಳಿ ಕಳಿಸಿದರು.

ಖರ್ಚು, ನೆರವು, ಭೇಟಿ

ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಗಳಿವೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯ ಪ್ರಮಾಣಪತ್ರ ಬೇಕು. ಜಮೀನು ಮಾರುವ ಮೊದಲು, ಒಡವೆ ಅಡವಿಡುವ ಮೊದಲು ಇವನ್ನು ವಿಚಾರಿಸಿ.

ರೋಗಿಯನ್ನು ನೋಡಲು ಹೋಗುವುದು ಪುಣ್ಯದ ಕೆಲಸ. ಆದರೆ "ಎಷ್ಟು ಸೊರಗಿದ್ದೀರಿ!" ಎನ್ನಬೇಡಿ. ಕೆಮ್ಮು ನೆಗಡಿ ಇದ್ದರೆ ಹೋಗಬೇಡಿ. ಹತ್ತು ನಿಮಿಷ ಕೂತು ಏಳಿ. ಅದಕ್ಕಿಂತ ಒಂದು ರಾತ್ರಿ ಜೊತೆಗಿರುತ್ತೇನೆ ಎಂದು ಹೇಳಿ. ಅಮ್ಮಿ ಅಬ್ಬಾರ ಮಾತ್ರೆ ಒಂದೂ ತಪ್ಪಿಸದೆ, ತಮ್ಮ ಬಿಪಿ ಮಾತ್ರೆಯನ್ನು ಎರಡು ತಿಂಗಳು ಮರೆತಿದ್ದರು. ಆರೈಕೆ ಮಾಡುವವರನ್ನೂ ಯಾರಾದರೂ ಆರೈಕೆ ಮಾಡಬೇಕು.

ಕೊನೆಯ ದಿನಗಳು

ಎರಡು ವರ್ಷ ಅಬ್ಬಾ ಚೆನ್ನಾಗಿದ್ದರು. 2025ರ ಆರಂಭದಲ್ಲಿ ರೋಗ ಯಕೃತ್ತಿನಲ್ಲಿ ಮರುಕಳಿಸಿತು. ಈ ಸಲ ನಾವು ಏನನ್ನೂ ಮುಚ್ಚಿಡಲಿಲ್ಲ. ವೈದ್ಯರು ಹೇಳಿದ್ದನ್ನೆಲ್ಲ ಅವರೇ ಕೇಳಿಸಿಕೊಂಡು, ಮನೆಯಲ್ಲೇ ಇರುತ್ತೇನೆ ಎಂದು ತೀರ್ಮಾನಿಸಿದರು. ನೋವಿಗೆ ಮಾರ್ಫಿನ್ ಮಾತ್ರೆ ಬರೆದುಕೊಟ್ಟಾಗ ನಾವು ಚಟವಾಗುತ್ತದೆಂದು ಹೆದರಿದೆವು. ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಟ್ಟಾಗ ಅವರು ರಾತ್ರಿ ನಿದ್ದೆ ಮಾಡಿದರು, ಕೂತು ನಮಾಜ್ ಮಾಡಿದರು. ನೋವು ಸಹಿಸುವುದು ಚಿಕಿತ್ಸೆಯಲ್ಲ.

ಅವರು ಯಾರಿಗೆ ಎಷ್ಟು ಕೊಡಬೇಕೆಂದು ಅದೇ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬರೆಸಿದರು. ಒಂದೊಂದನ್ನೇ ತೀರಿಸಿ ಗೀಟು ಹಾಕಿಸಿದರು. ಜಗಳವಾಗಿ ಹನ್ನೊಂದು ವರ್ಷ ಮಾತು ಬಿಟ್ಟಿದ್ದ ಚಿಕ್ಕಪ್ಪನನ್ನು ಕರೆಸಿ ಮಾತಾಡಿದರು. ಅಣ್ಣ ದುಬೈಯಿಂದ ಬಂದು ಕೊನೆಯ ಆರು ವಾರ ಜೊತೆಗಿದ್ದ. ಸುಳ್ಳನ್ನೇ ಮುಂದುವರಿಸಿದ್ದರೆ ಇದ್ಯಾವುದಕ್ಕೂ ಅವರಿಗೆ ಸಮಯ ಸಿಗುತ್ತಿರಲಿಲ್ಲ.

ಬಂಧುಗಳೇ, ಪ್ರೀತಿ ಎಲ್ಲ ಮನೆಗಳಲ್ಲೂ ಇದೆ, ನಮ್ಮಲ್ಲೂ ಇತ್ತು. ನಮ್ಮಲ್ಲಿ ಇಲ್ಲದ್ದು ತಿಳಿವಳಿಕೆ. ಇದು ಶಿಕ್ಷಣದ ಸಂಘ. ಮುಂದಿನ ವರ್ಷ ನಮ್ಮ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ದಿನ ದಾದಿಯರಿಂದ ರೋಗಿಯ ಆರೈಕೆಯ ತರಬೇತಿ ಕೊಡಿಸಬೇಕೆಂದು ಅಧ್ಯಕ್ಷರಲ್ಲಿ ವಿನಂತಿಸುತ್ತೇನೆ. ಜ್ವರ ನೋಡುವುದು, ನಳಿಕೆಯಲ್ಲಿ ಆಹಾರ ಕೊಡುವುದು, ಆಸ್ಪತ್ರೆಯ ಹಾಳೆ ಓದುವುದು, ಇಷ್ಟು ಸಾಕು. ಆ ನೋಟ್‌ಬುಕ್ಕನ್ನು ನಾನು ಇಂದು ತಂದಿದ್ದೇನೆ. ಸಭೆ ಮುಗಿದ ಮೇಲೆ ಯಾರಿಗೆ ಬೇಕೋ ಬಂದು ನೋಡಿ, ಬರೆದುಕೊಳ್ಳಿ.

ಕಾಯಿಲೆಯಲ್ಲಿರುವ ಎಲ್ಲರಿಗೂ ಅಲ್ಲಾಹನು ಶಿಫಾ ನೀಡಲಿ, ಅವರ ಜೊತೆಗಿರುವವರಿಗೆ ಸಹನೆಯನ್ನು ದಯಪಾಲಿಸಲಿ.