ಒಂದು ನಕ್ಷೆ, ಎರಡು ಜರ್ಮನಿ



ಔಡಿ ಕಾರಿನ ಮುಂಭಾಗದಲ್ಲಿ ಒಂದಕ್ಕೊಂದು ಕೊಂಡಿಯಾಗಿರುವ ನಾಲ್ಕು ಬಳೆಗಳನ್ನು ನೀವು ನೋಡಿರಬಹುದು. 1932ರಲ್ಲಿ ಜರ್ಮನಿಯ ಔಡಿ, ಡಿಕೆಡಬ್ಲ್ಯು, ಹೋರ್ಖ್ ಮತ್ತು ವಾಂಡರರ್ ಕಾರುಗಳು ಆಟೊ ಯೂನಿಯನ್ ಎಂಬ ಒಂದೇ ಸಂಸ್ಥೆಯಡಿ ಬಂದುದರ ಗುರುತು ಅದು. ಈ ನಾಲ್ಕರಲ್ಲಿ ಡಿಕೆಡಬ್ಲ್ಯು ಸಾಮಾನ್ಯ ಸಂಸಾರಸ್ಥರ ಕಾರು. ಎರಡನೆಯ ಮಹಾಯುದ್ಧದ ನಂತರ ಅದೇ ಹೆಸರಿನಲ್ಲಿ ಬಂದು, ನಾಲ್ಕೇ ವರ್ಷ ಬಾಳಿದ ಒಂದು ಕಾರಿನ ವಿಚಾರವನ್ನು ಇಂದು ನಿಮ್ಮ ಮುಂದಿಡುತ್ತೇನೆ. ಅದರ ಹೆಸರು ಎಫ್ 89.

ಕಥೆ ಯುದ್ಧಕ್ಕೆ ಮೊದಲೇ ಶುರುವಾಗುತ್ತದೆ. 1939ರಲ್ಲಿ ಬಂದ ಡಿಕೆಡಬ್ಲ್ಯು ಎಫ್ 8 ಕಾರಿಗೆ ಎರಡು ಸಿಲಿಂಡರಿನ ಪುಟ್ಟ ಎಂಜಿನ್ ಇತ್ತು. ಮೈಕಟ್ಟು ಮರದ್ದು, ಹೊದಿಕೆ ಕೃತಕ ಚರ್ಮದ್ದು. ಅದರ ಮುಂದಿನ ಹೆಜ್ಜೆಯಾಗಿ ಎಂಜಿನಿಯರುಗಳು ಎಫ್ 9 ಎಂಬ ಕಾರನ್ನು ರೂಪಿಸಿದರು. ಅದಕ್ಕೆ ಗಾಳಿಯನ್ನು ಸುಲಭವಾಗಿ ಸೀಳುವ ಉಕ್ಕಿನ ಮೈ. ಎಂಜಿನ್ ಮೂರು ಸಿಲಿಂಡರಿನದು. ಆದರೆ ಅದು ಮಾರುಕಟ್ಟೆಗೆ ಬರುವಷ್ಟರಲ್ಲಿ ಯುದ್ಧ ಬಂತು. ಕೆಲವೇ ಮಾದರಿ ಕಾರುಗಳು ತಯಾರಾದವು, ಕೆಲಸ ಅಲ್ಲಿಗೇ ನಿಂತಿತು.

ಯುದ್ಧ ಮುಗಿದಾಗ ಆಟೊ ಯೂನಿಯನ್ನಿನ ಕಾರ್ಖಾನೆಗಳಿದ್ದ ಸ್ಯಾಕ್ಸನಿ ಪ್ರಾಂತ್ಯ ಸೋವಿಯತ್ ವಶವಾಯಿತು. ಯುದ್ಧ ಪರಿಹಾರವೆಂದು ಯಂತ್ರಗಳನ್ನು ಕಳಚಿ ಸಾಗಿಸಿದರು. 1948ರಲ್ಲಿ ಕೆಮ್ನಿಟ್ಸ್ ನಗರದ ವಾಣಿಜ್ಯ ದಾಖಲೆಯಿಂದ ಕಂಪನಿಯ ಹೆಸರನ್ನೇ ಅಳಿಸಿದರು. ಆದರೆ ಸಂಸ್ಥೆಯ ಕೆಲವು ಹಿರಿಯರು ಅಷ್ಟರಲ್ಲೇ ಪಶ್ಚಿಮಕ್ಕೆ ಬಂದಿದ್ದರು. ಅಮೆರಿಕನ್ನರ ವಶದಲ್ಲಿದ್ದ ಬವೇರಿಯಾದ ಇಂಗೋಲ್‌ಸ್ಟಾಟ್ ಪಟ್ಟಣದಲ್ಲಿ 1945ರ ಡಿಸೆಂಬರಿನಲ್ಲಿ ಅವರು ತೆರೆದದ್ದು ಬಿಡಿಭಾಗಗಳ ಒಂದು ಉಗ್ರಾಣ. ರಸ್ತೆಯಲ್ಲಿ ಉಳಿದಿದ್ದ ಹಳೆಯ ಡಿಕೆಡಬ್ಲ್ಯು ಕಾರುಗಳೇ ಅವರ ಗಿರಾಕಿಗಳು. 1949ರ ಸೆಪ್ಟೆಂಬರಿನಲ್ಲಿ ಅಲ್ಲೇ ಹೊಸ ಆಟೊ ಯೂನಿಯನ್ ಹುಟ್ಟಿತು.

ಕಾರು ಮಾಡಬೇಕು, ಆದರೆ ಯಾವ ಕಾರು? ಎಫ್ 9ರ ಮೈಕಟ್ಟು ಸಿದ್ಧಪಡಿಸುವುದು ಸಾಧ್ಯವಿತ್ತು. ಅದರ ಮೂರು ಸಿಲಿಂಡರಿನ ಎಂಜಿನನ್ನು ತಯಾರಿಸುವ ಸ್ಥಿತಿ ಇರಲಿಲ್ಲ. ಆಗ ಅವರು ಹೊಸ ಮೈಯೊಳಗೆ ಹಳೆಯ ಎಫ್ 8ರ ಎಂಜಿನನ್ನೇ ಸುಧಾರಿಸಿ ಇಟ್ಟರು: 684 ಸಿ.ಸಿ., 23 ಅಶ್ವಶಕ್ತಿ. ಎಂಟರ ಎಂಜಿನ್, ಒಂಬತ್ತರ ಮೈ. ಹೆಸರು ಎಫ್ 89. 1950ರಿಂದ 1954ರವರೆಗೆ ಡ್ಯುಸೆಲ್‌ಡಾರ್ಫಿನಲ್ಲಿ ಸುಮಾರು 59,000 ಕಾರುಗಳು ಹೊರಬಂದವು.

ಈ ಎಂಜಿನ್ ಎರಡು ಹೊಡೆತದ್ದು, ಅಂದರೆ ಟೂ ಸ್ಟ್ರೋಕ್. ಮೈಸೂರಿನಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ ಓಡಿಸಿದವರಿಗೆ ಅದರ ಪರಿಚಯವಿದೆ. ಪೆಟ್ರೋಲಿಗೆ ಎಣ್ಣೆ ಬೆರೆಸಬೇಕು, ಹಿಂದೆ ಹೊಗೆ ಬಿಡುತ್ತದೆ. ಆದರೆ ಅದರಲ್ಲಿ ವಾಲ್ವುಗಳ ಗೋಜಿಲ್ಲ. ಮೂರು ಸಿಲಿಂಡರಿನ ಎಂಜಿನ್ನಿನಲ್ಲೂ ಚಲಿಸುವ ಮುಖ್ಯ ಭಾಗಗಳು ಏಳೇ: ಮೂರು ಪಿಸ್ಟನ್, ಮೂರು ಕನೆಕ್ಟಿಂಗ್ ರಾಡ್, ಒಂದು ಕ್ರ್ಯಾಂಕ್ ಶಾಫ್ಟ್. ನಾಲ್ಕು ಹೊಡೆತದ ಎಂಜಿನ್ನಿನ ಸಿಲಿಂಡರು ಎರಡು ಸುತ್ತಿಗೊಮ್ಮೆ ಬಲ ಕೊಟ್ಟರೆ ಇದು ಪ್ರತಿ ಸುತ್ತಿಗೂ ಕೊಡುತ್ತದೆ. ಆದ್ದರಿಂದಲೇ 1953ರಲ್ಲಿ ಪಶ್ಚಿಮದಲ್ಲಿ ಮೂರು ಸಿಲಿಂಡರಿನ ಎಂಜಿನ್ ಕೊನೆಗೂ ಸಿದ್ಧವಾದಾಗ ಆ ಕಾರಿಗೆ 'ಮೂರು ಅಂದರೆ ಆರು' ಎಂಬ ಅರ್ಥದ ಹೆಸರನ್ನೇ ಇಟ್ಟರು. ಮಾರನೆಯ ವರ್ಷ ಎಫ್ 89 ನಿಂತಿತು.

ಇತ್ತ ಪೂರ್ವದಲ್ಲೇನಾಯಿತು? ಅಲ್ಲಿ ಅದೇ ಎಫ್ 9, ಮೂರು ಸಿಲಿಂಡರಿನ ಎಂಜಿನ್ ಸಮೇತ, ಐಎಫ್ಎ ಎಂಬ ಹೆಸರಿನಲ್ಲಿ 1948ರ ಲೈಪ್ಜಿಗ್ ಮೇಳದಲ್ಲಿ ಕಾಣಿಸಿಕೊಂಡಿತು. ಮೊದಲು ಝ್ವಿಕಾವ್, 1953ರಿಂದ ಐಸೆನಾಖ್ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಗಡಿಯ ಎರಡೂ ಕಡೆ ಅಣ್ಣತಮ್ಮಂದಿರಂತೆ ಕಾಣುವ ಕಾರುಗಳು ಓಡಿದವು. ಎಂಜಿನ್ನಿನ ಮಟ್ಟಿಗೆ ಮೊದಲು ಮುಂದಿದ್ದದ್ದು ಪೂರ್ವವೇ.

ಆದರೆ ಆ ಮುನ್ನಡೆ ಉಳಿಯಲಿಲ್ಲ. ಎಫ್ 9ರ ಎಂಜಿನ್ ವಂಶ ವಾರ್ಟ್‌ಬರ್ಗ್ ಕಾರಿನಲ್ಲಿ 1988ರವರೆಗೂ ಮುಂದುವರಿಯಿತು. ಆ ವರ್ಷ ಅದಕ್ಕೆ ಫೋಕ್ಸ್‌ವ್ಯಾಗನ್ನಿನ ನಾಲ್ಕು ಹೊಡೆತದ ಎಂಜಿನ್ ಬಂತು. ಪಶ್ಚಿಮದವರೂ ಟೂ ಸ್ಟ್ರೋಕಿನ ಮೋಹವನ್ನು ಬೇಗ ಬಿಟ್ಟವರಲ್ಲ. ಆದರೂ 1965ರಲ್ಲಿ ನಾಲ್ಕು ಹೊಡೆತದ ಔಡಿಯನ್ನು ತಂದರು, ಮರುವರ್ಷ ಡಿಕೆಡಬ್ಲ್ಯು ಕಾರುಗಳನ್ನು ನಿಲ್ಲಿಸಿದರು.

ವಿಜ್ಞಾನ ಓದಿದ ನನಗೆ ಎಫ್ 89 ಹೇಳುವ ಪಾಠ ಸರಳವಾಗಿದೆ. ಯಂತ್ರಗಳನ್ನು ರೈಲಿಗೆ ಹೇರಿ ಒಯ್ಯಬಹುದು, ಬಲ್ಲವರ ತಲೆಯಲ್ಲಿರುವುದನ್ನು ಒಯ್ಯಲಾಗದು. ಕೈಯಲ್ಲಿದ್ದುದರಿಂದ ಕೆಲಸ ಸಾಗಿಸುವುದರಲ್ಲಿ ಅವಮಾನವೂ ಇಲ್ಲ. ಆದರೆ ತಾತ್ಕಾಲಿಕವೆಂದು ಒಪ್ಪಿಕೊಂಡದ್ದನ್ನು ಸಕಾಲದಲ್ಲಿ ಬಿಡುವ ಧೈರ್ಯವೂ ಬೇಕು. ಎಫ್ 89 ಅಲ್ಪಾಯುಷಿಯಾದದ್ದು ಅದರ ಸೋಲಲ್ಲ. ಅದು ತನ್ನ ಕೆಲಸ ಮುಗಿಸಿತ್ತು.