ನಡುಬೇಸಿಗೆಯಲ್ಲಿ ಕೂಡುತೋಟ

ಯುಗಾದಿ ಕಳೆದು ಬಿಸಿಲು ನೆತ್ತಿಗೆ ಬಂದಿದೆ. ನಮ್ಮ ಚಿಕ್ಕೇರೂರಿನ ಕಡೆ ಎಂಟು ಮನೆಯವರು ಕೂಡಿ ಒಂದೇ ಬಾವಿಯ ಮೇಲೆ ಐದು ಗುಂಟೆ ಕಾಯಿಪಲ್ಲೆ ತೋಟ ಮಾಡಿದ್ದಾರೆ. ಬದನೆ, ಬೆಂಡೆ, ಟೊಮೆಟೊ, ಮೆಣಸಿನಗಿಡ, ಬೇಲಿಗುಂಟ ಹೀರೆಬಳ್ಳಿ. ಮೊನ್ನೆ ನಾನು ಹೋದಾಗ ಗಿಡಗಳಿಗಿಂತ ಮಂದಿಯ ಮುಖಗಳೇ ಹೆಚ್ಚು ಬಾಡಿದ್ದವು. ಒಬ್ಬ ತಾಯಿ, “ಸಾಹೇಬ್ರ, ಈ ಕೂಡುತೋಟ ಸಾಕ್ರಿ. ನಮ್ಮ ಪಾಲಿನ ಮಡಿ ನಮಗ ಬಿಡಿಸಿ ಕೊಡ್ರಿ. ಪಾಳಿಯವರು ಸರಿಯಾಗಿ ನೀರು ಹಾಯಿಸಂಗಿಲ್ಲ, ಟೊಮೆಟೊ ಹೂವೆಲ್ಲ ಉದುರ್ಯಾವ” ಎಂದರು.

ಮೊದಲು ಹೂವಿನ ಮಾತು. ಹಗಲಿನ ಕಾವು 35 ಡಿಗ್ರಿ ಸೆಲ್ಸಿಯಸ್ ದಾಟಿ ನಾಲ್ಕಾರು ದಿನ ನಿಂತರೆ ಟೊಮೆಟೊ ಹೂವು ಕಾಯಿ ಕಟ್ಟದೆ ಉದುರುತ್ತದೆ. ಅದು ಬಿಸಿಲಿನ ಗುಣ, ನೆರೆಯವರ ತಪ್ಪಲ್ಲ. ಗಿಡ ಉಳಿದರೆ ಕಾವು ಇಳಿದ ಮೇಲೆ ಮತ್ತೆ ಕಾಯಿ ಕಾಣುವಿರಿ.

ಬೆಂಡೆಯ ಮಡಿಯಲ್ಲಿ ಕಂಡದ್ದು ಬೇರೆ. ಕಾಯಿ ಬಲಿತು ನಾರಾಗಿ ಗಿಡದಲ್ಲೇ ನಿಂತಿದ್ದವು. ಕೇಳಿದರೆ, “ನಿನ್ನೆ ನಮ್ಮ ಪಾಳಿ ಇರಲಿಲ್ರಿ” ಎಂದು ಇಬ್ಬರೂ ಹೇಳಿದರು. ಬಲಿತ ಕಾಯಿ ಬಿಟ್ಟರೆ ಹೊಸ ಕಾಯಿ ಕಡಿಮೆಯಾಗುತ್ತದೆ. ಬೆಂಡೆಯನ್ನು ದಿನ ಬಿಟ್ಟು ದಿನ ಕೊಯ್ಯಲೇಬೇಕು. ಯಾವ ದಿನ ಯಾರು ಎಂಬುದನ್ನು ಒಂದು ವಹಿಯಲ್ಲಿ ಬರೆದಿಟ್ಟರೆ ಮಾತಿಗೆ ಮಾತು ಬೆಳೆಯುವುದಿಲ್ಲ.

ಇನ್ನು ನೀರು. ಇದರಲ್ಲಿ ತಪ್ಪು ನನ್ನದೂ ಇದೆ. ಸಸಿ ಹಚ್ಚುವಾಗ ನಾನು ನೆಲ ಅಳೆದೆ, ಬಾವಿಯನ್ನು ಅಳೆಯಲಿಲ್ಲ. ಈ ಬಿಸಿಲಿಗೆ ಒಂದು ಗುಂಟೆಗೆ ದಿನಕ್ಕೆ ಸುಮಾರು 500 ಲೀಟರು ನೀರು ಬೇಕು. ಐದು ಗುಂಟೆಗೆ 2,500. ಬಾವಿ ಈಗ ಕೊಡುವುದು 1,500ರ ಆಸುಪಾಸು. ಎಲ್ಲಕ್ಕೂ ಹಂಚಿದರೆ ಎಲ್ಲವೂ ಸೊರಗುತ್ತವೆ. ಆದ್ದರಿಂದ ಅಂದೇ ಎಲ್ಲರೂ ಕುಳಿತು, ಹಳದಿ ನಂಜು ತಗಲಿದ ಬೆಂಡೆ ಮತ್ತು ಮುದಿಯಾದ ಗಿಡಗಳನ್ನು ಕಿತ್ತು, ಮೂರು ಗುಂಟೆಯನ್ನಷ್ಟೇ ಉಳಿಸುವುದೆಂದು ಗೊತ್ತುಮಾಡಿದೆವು.

ಆಗ ಆ ತಾಯಿಗೆ ನಾನು ಕೇಳಿದೆ: “ಮಡಿ ಬಿಡಿಸಿ ಕೊಟ್ಟಿದ್ದರ, ಈ ಎರಡು ಗುಂಟೆ ಯಾರ ಪಾಲಿಗೆ ಬರ್ತಿದ್ವು, ಅವ್ವಾ?” ಮೂರು ಮನೆಯ ಒಲೆಯ ಮೇಲೆ ಪಲ್ಲೆಯೇ ಇರುತ್ತಿರಲಿಲ್ಲ. ತೋಟ ಕೂಡಿ ಇರುವುದರಿಂದ ಎಂಟೂ ಮನೆಗೆ ಬುಟ್ಟಿ ತುಸು ಹಗುರಾದೀತು, ಬರಿದಾಗದು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕುಡಗೋಲು ತರಲು ಎದ್ದರು.

ನಿಮ್ಮಲ್ಲೂ ಇಂಥ ತೋಟವಿದ್ದರೆ ಈಗ ಮಾಡಬೇಕಾದ ಕೆಲಸ ಇಷ್ಟು. ನೀರನ್ನು ಸಂಜೆ ಇಲ್ಲವೆ ನಸುಕಿನಲ್ಲಿ ಬುಡಕ್ಕಷ್ಟೇ ಬಿಡಿರಿ. ಗೋವಿನಜೋಳದ ಒಣ ರವದಿಯನ್ನೋ ಭತ್ತದ ಹುಲ್ಲನ್ನೋ ಬುಡದ ಸುತ್ತ ನಾಲ್ಕು ಬೆರಳು ದಪ್ಪ ಹಾಸಿರಿ; ನೆಲದ ತಂಪು ಹಾರುವುದಿಲ್ಲ. ಬದನೆಯ ಕುಡಿ ಬಾಡಿದ್ದರೆ ಒಳಗೆ ಹುಳು ಇದೆಯೆಂದೇ ತಿಳಿದು, ವಾರಕ್ಕೊಮ್ಮೆ ಚಿವುಟಿ ಸುಡಿರಿ. ಬೆಂಡೆಯ ಹಳದಿ ನಂಜನ್ನು ಹರಡುವುದು ಬಿಳಿ ನೊಣ. ಅದಕ್ಕೆ ಅರ್ಧ ಕಿಲೊ ಬೇವಿನ ಬೀಜದ ತಿರುಳನ್ನು ಕುಟ್ಟಿ, ರಾತ್ರಿ ನೀರಿನಲ್ಲಿ ನೆನೆಯಿಟ್ಟು, ಸೋಸಿ, 10 ಲೀಟರು ಮಾಡಿಕೊಂಡು, ಚಿಟಿಕೆ ಸಾಬೂನು ಪುಡಿ ಬೆರೆಸಿ ಸಂಜೆ ಸಿಂಪಡಿಸಿರಿ. ರೋಗದ ಗಿಡ ಮಾತ್ರ ವಾಸಿಯಾಗದು, ಅದನ್ನು ಕೀಳಲೇಬೇಕು.

ಕಿತ್ತ ಮಡಿ ಹಾಳು ಬಿದ್ದಿತೆನ್ನಬೇಡಿ. ಅಡ್ಡಮಳೆ ಬಿದ್ದೊಡನೆ ಅಗೆದು ಕೊಳೆತ ತಿಪ್ಪೆಗೊಬ್ಬರ ಬೆರೆಸಿಡಿ. ರೋಹಿಣಿ ಮಳೆಗೆ ಹೊಸ ಬೀಜಕ್ಕೆ ನೆಲ ಸಿದ್ಧವಿರುತ್ತದೆ. ಯಾವ ತಳಿ ಒಳ್ಳೆಯದೆಂದು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿರಿ.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ. ಮಳೆ ಬರುವ ತನಕ ಹನಿಯ ಲೆಕ್ಕ ತಪ್ಪದಿರಲಿ, ಕೂಡಿದ ಕೈ ಬಿಡದಿರಲಿ.